ಸಾರೋಟು ನಿಲ್ಲೋ ಜಾಗ: ಬಂಗಲೆಯ ಹಿಂಬಾಗಿಲಿಂದ ಒಂದು ಇತಿಹಾಸ

1/10

ಈ ವಾರ ದೇವಸ್ಥಾನ ಇಲ್ಲ ಫ್ರೆಂಡ್ಸ್. ಬಂಗಲೆ ಇದೆ.

ಹಾಸನ ಜಿಲ್ಲೇಲಿ ಹುಟ್ಟಿದವರಿಗೆಲ್ಲ ಒಂದು ಅಭ್ಯಾಸ ಆಗಿಹೋಗಿದೆ. ಇತಿಹಾಸ ಅಂದ ತಕ್ಷಣ ಬೇಲೂರು, ಹಳೇಬೀಡು. 1117ರ ಚೆನ್ನಕೇಶವ ಪಕ್ಕದಲ್ಲೇ ಇರುವಾಗ, ಅದು 2023ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿರುವಾಗ, ನೂರೈವತ್ತು ವರ್ಷದ ಕಟ್ಟಡ ನಮ್ಮ ಕಣ್ಣಿಗೆ ಹಳೇದು ಅಂತಲೇ ಅನ್ನಿಸಲ್ಲ. ಶೆಟ್ಟಿಹಳ್ಳಿ ಚರ್ಚ್ ಒಂದು ಮಾತ್ರ ಬಚಾವಾಯ್ತು. ಅದೂ ಯಾಕೆ? ಹೇಮಾವತಿ ಹಿನ್ನೀರಲ್ಲಿ ಅರ್ಧ ಮುಳುಗಿದಾಗ ರೀಲ್ಸ್‌ಗೆ ಚೆನ್ನಾಗಿ ಕಾಣುತ್ತೆ ಅಂತ. (ನಾನೂ ಮಾಡಿದ್ದೀನಿ, ಸ್ಕ್ರೋಲ್ ಮಾಡಿದ್ರೆ ಸಿಗುತ್ತೆ.)

ಆ ಚರ್ಚ್ ಕಟ್ಟಿದ 1860ರ ದಶಕದಲ್ಲೇ, ಅದೇ ಸುಣ್ಣದ ಗಾರೆಯಲ್ಲಿ, ಮೈಸೂರು ಸೀಮೆಯ ತುಂಬಾ ಮನೆಗಳೂ ಎದ್ದವು. ಎತ್ತರದ ಸೂರು, ಉದ್ದನೆ ವರಾಂಡ, ಮುಂದೆ ಪೋರ್ಟಿಕೋ, ಹಿಂದೆ ಲಾಯ. ವಿಕ್ಟೋರಿಯಾ ರಾಣಿ ಸಿಂಹಾಸನದಲ್ಲಿದ್ದದ್ದು 1837ರಿಂದ 1901ರವರೆಗೆ, ಅದಕ್ಕೇ ಪುಸ್ತಕಗಳಲ್ಲಿ ಇದನ್ನ ವಿಕ್ಟೋರಿಯನ್ ಶೈಲಿ ಅಂತಾರೆ. ನಾವು "ಬ್ರಿಟಿಷರ ಕಾಲದ್ದು" ಅಂತ ಹೇಳಿ ಮುಂದೆ ಹೋಗ್ತೀವಿ.

ಈ ಸರಣಿಯಲ್ಲಿ ಅಂಥ ಮನೆ ನೋಡೋದು ಹೇಗೆ ಅಂತ ಹೇಳ್ತೀನಿ. ನಾನು ಆರ್ಕಿಟೆಕ್ಚರ್ ಓದ್ತಿಲ್ಲ, ಬಿಕಾಂ. ಹಾಗಾಗಿ ಎಂಟನೇ ಭಾಗದಲ್ಲಿ ಸ್ವಲ್ಪ ಲೆಕ್ಕ ಬರುತ್ತೆ, ಸಹಿಸ್ಕೊಳ್ಳಿ.

2/10

ಮೊದಲು ಪದ. "ಬಂಗಲೆ" ಇಂಗ್ಲೆಂಡಿಂದ ಬಂದದ್ದಲ್ಲ, ಇಲ್ಲಿಂದ ಅಲ್ಲಿಗೆ ಹೋದದ್ದು. ಬಂಗಾಳದ ರೀತಿಯ ಮನೆ, ಅಂದ್ರೆ "ಬಂಗ್ಲಾ". ಇಳಿಜಾರು ಹುಲ್ಲಿನ ಸೂರು, ಸುತ್ತ ಜಗುಲಿ ಇರೋ ಗುಡಿಸಲನ್ನ ಕಂಪನಿ ಅಧಿಕಾರಿಗಳು ನೋಡಿದರು, ದೊಡ್ಡದು ಮಾಡಿದರು, ಕಂಬ ನಿಲ್ಲಿಸಿದರು, ಹೆಸರು ಹಾಗೇ ಇಟ್ಕೊಂಡರು. ಕಾಂಪೌಂಡ್ ಅನ್ನೋ ಪದದ ಮೂಲ ಮಲಯ ಭಾಷೆಯ "ಕಂಪೋಂಗ್" ಅಂತ ಹೇಳ್ತಾರೆ. ಅಂದ್ರೆ ನಾವು ತುಂಬಾ ಇಂಗ್ಲಿಷ್ ಅಂದ್ಕೊಂಡಿರೋ ಮನೆಯ ಅರ್ಧ ಪದಗಳು ಏಷ್ಯಾದವೇ.

ನಮ್ಮ ಸೀಮೆಗೆ ಇದು ಬಂದದ್ದು ದಂಡಿನ ಜೊತೆ. 1809ರಲ್ಲಿ ಬೆಂಗಳೂರಲ್ಲಿ ಕಂಟೋನ್ಮೆಂಟ್ ಆಯ್ತು. 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ್ ಕೈಯಿಂದ ಆಡಳಿತವನ್ನ ಬ್ರಿಟಿಷರು ತಗೊಂಡ ಮೇಲೆ ಇಡೀ ಮೈಸೂರು ಸಂಸ್ಥಾನಕ್ಕೆ ಕಮಿಷನರ್ ಬಂದ. 1834ರಿಂದ 1861ರವರೆಗೆ ಆ ಕುರ್ಚಿಯಲ್ಲಿ ಕೂತವನು ಮಾರ್ಕ್ ಕಬ್ಬನ್. ಬೆಂಗಳೂರಿನ ಈಗಿನ ರಾಜಭವನ ಅವನು 1840ರ ದಶಕದ ಶುರುವಲ್ಲಿ ತಾನು ಇರೋಕೆ ಅಂತ ಕಟ್ಟಿಸಿದ ಮನೆ.

ಕಬ್ಬನ್ ಪಾರ್ಕ್ ಗೊತ್ತಿರೋ ಎಲ್ಲರಿಗೂ ಅವನ ಹೆಸರು ಗೊತ್ತು. ಆದ್ರೆ ನಮ್ಮ ಕಥೆಗೆ ಅವನು ಮುಖ್ಯ ಆಗೋದು ರಸ್ತೆಗಳಿಂದ. ಅವನ ಕಾಲದಲ್ಲಿ ಸಂಸ್ಥಾನದಲ್ಲಿ ಆದದ್ದು ಸುಮಾರು 1,600 ಮೈಲಿ ರಸ್ತೆ, 300ಕ್ಕೂ ಹೆಚ್ಚು ಸೇತುವೆ. ಚನ್ನರಾಯಪಟ್ಟಣ, ಹಾಸನ, ಸಕಲೇಶಪುರ ದಾಟಿ ಘಟ್ಟ ಇಳಿದು ಮಂಗಳೂರಿಗೆ ಹೋಗೋ ದಾರೀಲಿ ಇವತ್ತು ನೀವು ಟ್ರಾಫಿಕ್ ಬಯ್ಕೊಂಡು ಹೋಗ್ತೀರಲ್ಲ, ಗಾಡಿ ಸಲೀಸಾಗಿ ಹೋಗೋ ರಸ್ತೆಗಳು ಬಂದ ಕಾಲ ಇದು. ರಸ್ತೆ ಇಲ್ಲದೆ ಸಾರೋಟು ಇಲ್ಲ, ಸಾರೋಟು ಇಲ್ಲದೆ ಸಾರೋಟು ಮನೆ ಇಲ್ಲ.

3/10

ಈಗ ಗೇಟ್ ಒಳಗೆ ಬನ್ನಿ.

ಹಳೇ ಬಂಗಲೆಗೆ ಬಹಳ ಕಡೆ ಎರಡು ಗೇಟ್ ಇರುತ್ತೆ. ಮಧ್ಯೆ ಅರ್ಧ ಚಂದ್ರದ ಥರ ಮಣ್ಣಿನ ದಾರಿ. ಅಂದಕ್ಕೆ ಅಂತ ಅಂದ್ಕೋಬೇಡಿ. ಸಾರೋಟಿಗೆ ರಿವರ್ಸ್ ಗೇರ್ ಇಲ್ಲ! ಎರಡು ಕುದುರೆ ಕಟ್ಟಿದ ನಾಲ್ಕು ಚಕ್ರದ ಗಾಡಿಯನ್ನ ಹಿಂದಕ್ಕೆ ತಳ್ಳೋದು ನರಕಯಾತನೆ. ಹಾಗಾಗಿ ಒಂದು ಗೇಟಲ್ಲಿ ಬಂದು, ಸುತ್ತಿ, ಇನ್ನೊಂದರಲ್ಲಿ ಹೋಗಬೇಕು. ದಾರಿಯ ಬಾಗು ಎಷ್ಟು ಅಗಲ ಇರಬೇಕು ಅಂತ ತೀರ್ಮಾನ ಮಾಡಿದ್ದು ಮನೆ ಯಜಮಾನ ಅಲ್ಲ, ಕುದುರೆ.

ಆ ಬಾಗಿನ ಮಧ್ಯೆ ಪೋರ್ಟಿಕೋ. ಮನೆಯಿಂದ ಮುಂದಕ್ಕೆ ಚಾಚಿದ, ಕಂಬಗಳ ಮೇಲೆ ನಿಂತ ಮಂಟಪ. ಅದರ ಎತ್ತರ ನೋಡಿ ಬಹಳ ಜನ ಕೇಳ್ತಾರೆ, ಒಂದು ಕಾರಿಗೆ ಇಷ್ಟು ಎತ್ತರ ಯಾಕೆ ಅಂತ. ಅದನ್ನ ಕಾರಿಗೆ ಕಟ್ಟಿದ್ದೇ ಅಲ್ಲ. ಗಾಡಿ ಹೊಡೆಯೋನು ಮೇಲಿನ ಪೀಠದಲ್ಲಿ ಪೇಟ ಸುತ್ಕೊಂಡು ಕೂತಿರ್ತಾನೆ, ಅವನ ತಲೆ ಕಮಾನಿಗೆ ತಾಗಬಾರದು. ಉದ್ದ ಕೂಡ ಗಾಡಿ ಮತ್ತು ಕುದುರೆ ಎರಡರ ಲೆಕ್ಕ. ಮಲೆನಾಡಿನ ಮಳೇಲಿ ದೊರೆಸಾನಿ ಒಂದು ಹನಿ ತಾಗದೆ ಗಾಡಿ ಇಳಿದು ವರಾಂಡಕ್ಕೆ ಕಾಲಿಡಬೇಕು. ಪೋರ್ಟಿಕೋ ಕೆಲಸ ಅಷ್ಟೇ.

ಇನ್ನೊಂದು ಗಮನಿಸಿ. ಆ ಸೂರಿನ ಕೆಳಗೆ ಒಣಗಿ ನಿಲ್ಲೋದು ಗಾಡಿಯ ಒಳಗಿದ್ದವರು. ಅವರನ್ನ ಇಳಿಸಿದ ಮೇಲೆ ಗಾಡಿ ಹೊಡೆಯೋನು ಅದೇ ಮಳೇಲಿ ಹಿಂದಕ್ಕೆ ಹೋಗಬೇಕು. ಅವನು ಎಲ್ಲಿಗೆ ಹೋದ ಅನ್ನೋದು ಐದನೇ ಭಾಗ.

4/10

ಮನೆ ಬಗ್ಗೆ ಬೇಗ ಹೇಳಿ ಮುಗಿಸ್ತೀನಿ, ಯಾಕಂದ್ರೆ ಇದನ್ನ ಎಲ್ಲರೂ ಹೇಳ್ತಾರೆ.

ಗೋಡೆ ದಪ್ಪ. ಇಟ್ಟಿಗೆ ಅಥವಾ ಕಲ್ಲು, ಸುಣ್ಣದ ಗಾರೆ. ಸಿಮೆಂಟ್ ಇಲ್ಲ. ಮೇಲೆ ಎರಡು ಥರದ ಸೂರು. ಒಂದು ಮದ್ರಾಸ್ ತಾರಸಿ: ಮರದ ತೊಲೆಗಳ ಮೇಲೆ ತೆಳು ಇಟ್ಟಿಗೆಯನ್ನ ಅಂಚಿನ ಮೇಲೆ ನಿಲ್ಲಿಸಿ, ಓರೆಯಾಗಿ, ಸುಣ್ಣದಲ್ಲಿ ಕೂರಿಸ್ತಾ ಹೋಗೋದು. ಅದರ ಮೇಲೆ ಇಟ್ಟಿಗೆ ಚೂರು, ಸುಣ್ಣ ಹಾಕಿ ದಮ್ಮಸು ಮಾಡೋದು. ಕೆಳಗಿಂದ ತಲೆ ಎತ್ತಿ ನೋಡಿದ್ರೆ ತೊಲೆ ಮಧ್ಯೆ ಇಟ್ಟಿಗೆ ಸಾಲು ಕಾಣುತ್ತೆ. ಇನ್ನೊಂದು ಹೆಂಚು. 1865ರಲ್ಲಿ ಮಂಗಳೂರಲ್ಲಿ ಬಾಸೆಲ್ ಮಿಷನ್ನಿನ ಪ್ಲೆಬ್ಸ್ಟ್ ಹೆಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ನಾಡಹೆಂಚು, ಹುಲ್ಲು ಎಲ್ಲ ನಿಧಾನಕ್ಕೆ ಹಿಂದೆ ಸರಿದವು. ಕಾಫಿ ಘಟ್ಟ ಇಳಿದು ಮಂಗಳೂರು ಬಂದರಿಗೆ ಹೋಗ್ತಿತ್ತು, ಅದೇ ಘಟ್ಟದ ದಾರೀಲಿ ಮಂಗಳೂರು ಹೆಂಚು ಮಲೆನಾಡಿಗೆ ಏರಿ ಬಂತು.

ಬೆಂಗಳೂರಿನ ಬಂಗಲೆಗಳದ್ದೇ ಒಂದು ವಿಶೇಷ ಇದೆ, "ಮಂಕಿ ಟಾಪ್". ಕಿಟಕಿ ಮೇಲೆ, ಪೋರ್ಟಿಕೋ ಮುಂದೆ, ಮರದ ಪಟ್ಟಿಗಳನ್ನ ಜಾಲಂಧ್ರದ ಥರ ಹೊಡೆದು ಮೇಲೆ ಚೂಪಾದ ಟೋಪಿ ಹಾಕಿದ ಹಾಗೆ. ಬಿಸಿಲು ತಡೆಯುತ್ತೆ, ಗಾಳಿ ಬಿಡುತ್ತೆ. ಕೋತಿಗಳು ಬಂದು ಅದರ ಮೇಲೆ ಕೂರ್ತಿದ್ದವು, ಅದಕ್ಕೆ ಆ ಹೆಸರು ಅನ್ನೋದು ಜನ ಹೇಳೋ ಮಾತು. ಇಂಗ್ಲೆಂಡಲ್ಲಿ ಇಷ್ಟು ಬಿಸಿಲೂ ಇಲ್ಲ, ಕೋತಿಯಂತೂ ಇಲ್ಲ, ಹಾಗಾಗಿ ಇದು ಪಕ್ಕಾ ನಮ್ಮೂರ ವಿಕ್ಟೋರಿಯನ್.

ಒಳಗೆ ಬೆಂಕಿಗೂಡು. ಸಕಲೇಶಪುರ ಕಡೆಯವರಿಗೆ ಇದು ಹೊಸದಲ್ಲ. ಜುಲೈ ತಿಂಗಳಲ್ಲಿ ಅಲ್ಲಿ ಒಂದು ವಾರ ಇದ್ರೆ ಅದು ಶೋಕಿಗೆ ಇಟ್ಟದ್ದಲ್ಲ ಅಂತ ಯಾರಿಗಾದ್ರೂ ಅರ್ಥ ಆಗುತ್ತೆ.

ಒಂದು ವಿಷಯ ಮಾತ್ರ ನಿಧಾನಕ್ಕೆ ಹೇಳಬೇಕು. ಆ ಕಾಲದ ಬಂಗಲೆಗಳ ಬಚ್ಚಲುಮನೆಗೆ ಎರಡು ಬಾಗಿಲು. ಒಂದು ಮಲಗೋ ಕೋಣೆಗೆ, ಇನ್ನೊಂದು ನೇರ ಹೊರಗೆ, ಹಿತ್ತಲಿಗೆ. ಆ ಎರಡನೇ ಬಾಗಿಲು ಮಲ ಹೊರೋರಿಗೆ. ಅವರು ಮನೆ ಒಳಗೆ ಕಾಲಿಡದೆ ಕೆಲಸ ಮುಗಿಸಿ ಹೋಗಲಿ ಅಂತ ನಕ್ಷೆಯಲ್ಲೇ ಬರೆದ ಬಾಗಿಲು. ಬಿಳಿಯರು ಜಾತಿ ತಂದರು ಅಂತ ನಾನು ಹೇಳ್ತಿಲ್ಲ, ಅದು ಇಲ್ಲೇ ಇತ್ತು. ಅವರು ಅದಕ್ಕೆ ಕೀಲು, ಚಿಲಕ ಹಾಕಿ ಗೋಡೆಯಲ್ಲಿ ಕೂರಿಸಿದರು. ಮಂಕಿ ಟಾಪ್ ಫೋಟೋ ಹಾಕೋ ಪೇಜ್‌ಗಳು ಈ ಬಾಗಿಲಿನ ಫೋಟೋ ಯಾಕೆ ಹಾಕಲ್ಲ?

5/10

ಈಗ ಹಿಂದಕ್ಕೆ ಹೋಗೋಣ.

ಇಂಗ್ಲೆಂಡಿನ ವಿಕ್ಟೋರಿಯನ್ ವಿಲ್ಲಾಗಳಲ್ಲಿ ಸಾರೋಟು ಮನೆ ಅನ್ನೋದು ಪ್ರತ್ಯೇಕ ಕಟ್ಟಡ. ಕೆಳಗೆ ಗಾಡಿ ನಿಲ್ಲಿಸೋಕೆ ಜಾಗ, ಹೊರಕ್ಕೆ ತೆರೆಯೋ ದೊಡ್ಡ ಜೋಡಿ ಬಾಗಿಲು. ಪಕ್ಕದಲ್ಲಿ ಕುದುರೆ ಲಾಯ. ಇನ್ನೊಂದು ಚಿಕ್ಕ ಕೋಣೆ ಜೀನು, ಲಗಾಮು, ಚರ್ಮದ ಸಾಮಾನಿಗೆ. ಅಲ್ಲಿ ಒಲೆ ಉರೀತಾ ಇರಬೇಕು, ಇಲ್ಲದಿದ್ರೆ ಚರ್ಮಕ್ಕೆ ಬೂಷ್ಟು ಹಿಡಿಯುತ್ತೆ. ಅಟ್ಟದಲ್ಲಿ ಒಣಹುಲ್ಲು. ಹುಲ್ಲಿನ ಪಕ್ಕದ ಕೋಣೆಗಳಲ್ಲಿ ಗಾಡಿ ಹೊಡೆಯೋನ ಸಂಸಾರ. ನೆಲಕ್ಕೆ ಕಲ್ಲು ಅಥವಾ ಗಟ್ಟಿ ಇಟ್ಟಿಗೆ, ಗಂಜಲ ಹರಿದು ಹೋಗೋಕೆ ಒಂದು ಕಡೆಗೆ ಇಳಿಜಾರು, ಮಧ್ಯೆ ಕಾಲುವೆ.

ಮನೆಯಿಂದ ದೂರ ಕಟ್ಟೋಕೆ ಎರಡು ಕಾರಣ. ವಾಸನೆ ಒಂದು. ಬೆಂಕಿ ಇನ್ನೊಂದು, ಒಣಹುಲ್ಲು, ಎಣ್ಣೆ ದೀಪ ಒಂದೇ ಸೂರಿನ ಕೆಳಗೆ ಇರೋ ಜಾಗ ಅದು. ಆದ್ರೆ ತೀರಾ ದೂರವೂ ಆಗಬಾರದು, ಕರೆದರೆ ಐದು ನಿಮಿಷದಲ್ಲಿ ಗಾಡಿ ಬಾಗಿಲಿಗೆ ಬರಬೇಕು.

ಅಲ್ಲಿನ ಶ್ರೀಮಂತರು ಈ ಕಟ್ಟಡಕ್ಕೂ ಅಲಂಕಾರ ಮಾಡ್ತಿದ್ರು. ದೊಡ್ಡ ಮನೆಗೆ ಚೂಪು ಸೂರು ಇದ್ರೆ ಇದಕ್ಕೂ ಚಿಕ್ಕ ಚೂಪು ಸೂರು, ಅಲ್ಲಿ ಬಣ್ಣದ ಇಟ್ಟಿಗೆ ಪಟ್ಟಿ ಇದ್ರೆ ಇಲ್ಲೂ ಒಂದು ಸಾಲು. ರಸ್ತೆಯಿಂದ ನೋಡೋರಿಗೆ "ಇವರ ಹತ್ರ ಸ್ವಂತ ಗಾಡಿ ಇದೆ" ಅಂತ ಗೊತ್ತಾಗಬೇಕಲ್ಲ. ಈಗ ನಮ್ಮಲ್ಲಿ ಕಾರ್ ತಗೊಂಡವರು ಮೊದಲು ಗೇಟ್ ಬದಲಾಯಿಸ್ತಾರೆ, ಅದೇ ಕಥೆ.

6/10

ನಮ್ಮ ಕಡೆ ಇದು ಬಂದಾಗ ಕಟ್ಟಡ ಬದಲಾಯ್ತು. ಚಳಿ ಇಲ್ಲ, ಹಾಗಾಗಿ ಮುಚ್ಚಿದ ಕಟ್ಟಡ ಬೇಕಿಲ್ಲ. ಹಿತ್ತಲಲ್ಲಿ ಉದ್ದಕ್ಕೆ ಒಂದು ಸಾಲು: ಕಮಾನು, ಕಮಾನು, ಕಮಾನು. ಎರಡರಲ್ಲಿ ಗಾಡಿ, ನಾಲ್ಕರಲ್ಲಿ ಕುದುರೆ, ಉಳಿದದ್ದು ಆಳುಗಳ ಕೋಣೆ. ಅಡುಗೆಮನೆಯೂ ಹೊರಗೇ, ಹೊಗೆ ದೊರೆಗಳ ಮೂಗಿಗೆ ಬರಬಾರದು ಅಂತ. ಎಲ್ಲ ಸೇರಿ ಔಟ್‌ಹೌಸ್.

ಗಾಡಿಗಳಿಗೆ ಸಾವಿರ ಹೆಸರು. ನಾಲ್ಕು ಚಕ್ರದ ದೊಡ್ಡದೆಲ್ಲ ನಮ್ಮ ಜನರ ಬಾಯಲ್ಲಿ ಸಾರೋಟು. ಎರಡು ಚಕ್ರದ್ದು, ಬಾಡಿಗೆಗೆ ಓಡೋದು ಜಟಕಾ. ಆದ್ರೆ ದೂರದ ಪ್ರಯಾಣಕ್ಕೆ ಕುದುರೆ ಅಲ್ಲ, ಎತ್ತೇ ಗತಿ. ಈ ವಿಷಯದಲ್ಲಿ ನಮ್ಮ ಸೀಮೆ ಬಡವ ಅಲ್ಲ. ಹೈದರ್, ಟಿಪ್ಪು ಸೈನ್ಯದ ತೋಪು ಎಳೆದ ಅಮೃತ್‌ಮಹಲ್, ಇವತ್ತಿಗೂ ನಮ್ಮ ಜಾತ್ರೆಗಳಲ್ಲಿ ಜೋಡಿ ಕಟ್ಟಿ ನಿಲ್ಲಿಸೋ ಹಳ್ಳಿಕಾರ್, ಎರಡೂ ಈ ಸೀಮೆಯ ತಳಿಗಳು. ರಸ್ತೆ ಪಕ್ಕದ ಮುಸಾಫಿರ್ ಬಂಗಲೆಗಳ ಹಿಂದೆ ಎತ್ತು, ಕುದುರೆ ಎರಡಕ್ಕೂ ಜಾಗ ಬೇಕಿತ್ತು. ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ ಇನ್ನೂ "ಟಿಬಿ", "ಐಬಿ" ಅಂತೀವಲ್ಲ, ಅದು ಆ ಪರಂಪರೆಯ ಬಾಲ.

ಸಕಲೇಶಪುರ, ಅಂದ್ರೆ ಆಗಿನ ಮಂಜರಾಬಾದ್, ಬೇರೆ ಥರ. ಅಲ್ಲಿ ಮೊದಲ ಯುರೋಪಿಯನ್ ಕಾಫಿ ತೋಟ ಗ್ರೀನ್ ಅನ್ನೋನದ್ದು, 1843. ಆಮೇಲೆ 1850ರ ದಶಕದಲ್ಲಿ ರಾಬರ್ಟ್ ಎಲಿಯಟ್ ಬಂದ. ಇವನು ಸ್ಕಾಟ್ಲೆಂಡಿನವನು, ಇಲ್ಲಿನ ಅನುಭವದ ಮೇಲೆ 1871ರಲ್ಲಿ ಒಂದು, 1894ರಲ್ಲಿ ಇನ್ನೊಂದು ಪುಸ್ತಕ ಬರೆದ, ಮೈಸೂರು ಪ್ರಜಾಪ್ರತಿನಿಧಿ ಸಭೆಯಲ್ಲೂ ಕೂತಿದ್ದ. ತೋಟದ ಏರು ದಾರಿ ಸಾರೋಟಿಗೆ ಆಗಿಬರಲ್ಲ. ಸವಾರಿ ಕುದುರೆ ಬೇಕು. ಹಾಗಾಗಿ ಅಂಥ ಕಡೆ ಸಾರೋಟು ಮನೆಗಿಂತ ಲಾಯವೇ ಮುಖ್ಯ.

ಒಂದು ಕುದುರೆಗೆ ಎಷ್ಟು ಜನ ಬೇಕು ಗೊತ್ತಾ? ಇಬ್ಬರು. ಒಬ್ಬ ಸೈಸ, ಅಂದ್ರೆ ಕುದುರೆ ಉಜ್ಜಿ, ತೊಳೆದು, ದೊರೆ ಸವಾರಿ ಹೋದರೆ ಹಿಂದೆಯೇ ಓಡೋನು. ಇನ್ನೊಬ್ಬ ಹುಲ್ಲು ಕೊಯ್ಯೋನು. ಬಹಳ ಸಲ ಅದು ಸೈಸನ ಹೆಂಡತಿಯೇ. ದಿನಾ ಬೆಳಿಗ್ಗೆ ಕುಡುಗೋಲು ಹಿಡಿದು ಹೊರಟು ಸಂಜೆಗೆ ಹೊರೆ ತರಬೇಕು. ನಾಲ್ಕು ಕುದುರೆ ಅಂದ್ರೆ ಎಂಟು ಜನ. ಆ ಕಮಾನುಗಳ ಸಾಲಲ್ಲಿ ಕುದುರೆಗೆ ಸಿಗೋ ಜಾಗಕ್ಕಿಂತ ಸೈಸನ ಸಂಸಾರಕ್ಕೆ ಸಿಗೋದು ಹೆಚ್ಚೇನಲ್ಲ.

ಮತ್ತೆ ಮೇವು. ಇಂಗ್ಲೆಂಡಲ್ಲಿ ಓಟ್ಸ್. ಇಲ್ಲಿ ಓಟ್ಸ್ ಎಲ್ಲಿಂದ ಬರಬೇಕು? ಹುರುಳಿ! ಬೇಯಿಸಿ, ಆರಿಸಿ ಕುದುರೆಗೆ ಹಾಕೋರು. ಇಂಗ್ಲಿಷಲ್ಲಿ ಹುರುಳಿಗೆ ಇವತ್ತಿಗೂ ಹಾರ್ಸ್ ಗ್ರಾಮ್ ಅಂತಲೇ ಹೆಸರು. ಜಿಮ್‌ಗೆ ಹೋಗೋ ನನ್ನ ಕ್ಲಾಸ್‌ಮೇಟ್ಸ್ ಮೊಳಕೆ ಹುರುಳಿ ತಿನ್ನುವಾಗೆಲ್ಲ ನಾನು ಇದನ್ನ ಹೇಳಿ ಬೈಸ್ಕೊಳ್ತೀನಿ.

7/10

ಇದನ್ನೆಲ್ಲ ನಾನು ಯಾಕೆ ಹುಡುಕ್ತಾ ಹೋದೆ ಅಂತ ಹೇಳ್ಬೇಕು.

ನಮ್ಮಜ್ಜಿ ಹೊಳೆನರಸೀಪುರದವರು. ಅವರ ಅಪ್ಪ, ನನಗೆ ಮುತ್ತಾತ, ಸಕಲೇಶಪುರ ಕಡೆ ಒಂದು ತೋಟದಲ್ಲಿ ಕುದುರೆ ನೋಡ್ಕೊಳ್ತಿದ್ರು. ಅಜ್ಜಿಗೆ ತೋಟದ ಹೆಸರು ನೆನಪಿಲ್ಲ. ದೊರೆ ಹೆಸರು ನೆನಪಿಲ್ಲ. ನೆನಪಿರೋದು ಒಂದೇ: "ಕುದ್ರೆಗೆ ಹುಳ್ಳಿಕಾಳು ಬೇಯ್ಸಿ ಬಸೀತಿದ್ರಲ್ಲ ಮಗ, ಆ ಕಟ್ಟನ್ನ ನಮ್ಮಪ್ಪ ಚೆಂಬಲ್ಲಿ ತರೋನು. ಅವ್ವ ಅದ್ರಲ್ಲೇ ಸಾರು ಮಾಡೋಳು. ಕಾಳು ಕುದ್ರೆಗೆ, ಕಟ್ಟು ನಮ್ಗೆ."

ಇವತ್ತು ಹುರುಳಿಕಟ್ಟಿನ ಸಾರು ಅಂದ್ರೆ ಹೋಟೆಲ್‌ಗಳಲ್ಲಿ ಬೋರ್ಡ್ ಹಾಕಿ ಮಾರ್ತಾರೆ. ನಮ್ಮನೇಲಿ ಅದನ್ನ ಮಾಡಿದಾಗ ಅಜ್ಜಿ ಮಾತ್ರ ತಿನ್ನಲ್ಲ. ಚಿಕ್ಕವಳಿದ್ದಾಗ ನನಗೆ ಯಾಕೆ ಅಂತ ಗೊತ್ತಿರಲಿಲ್ಲ.

ಮುತ್ತಾತನ ಒಂದು ಫೋಟೋ ಕೂಡ ಇಲ್ಲ. ಹಳೇ ಕಾಲದ ದೊರೆಗಳ ಆಲ್ಬಂಗಳಲ್ಲಿ ಒಂದು ಥರದ ಫೋಟೋ ಪದೇ ಪದೇ ಸಿಗುತ್ತೆ, ಆನ್‌ಲೈನ್ ಸಂಗ್ರಹಗಳಲ್ಲಿ ನೀವೂ ನೋಡಬಹುದು. ಬಂಗಲೆ ಮುಂದೆ ಕುದುರೆ. ಅದರ ಮೂಗುದಾಣ ಹಿಡಿದು ಪೇಟ ಕಟ್ಟಿದ ಒಬ್ಬ ಮನುಷ್ಯ, ಬರಿಗಾಲು. ಕೆಳಗೆ ಕೈಬರಹದಲ್ಲಿ ಕುದುರೆ ಹೆಸರು ಬರೆದಿರ್ತಾರೆ. ಪಕ್ಕದಲ್ಲಿ ನಿಂತವನಿಗೆ ಬರೀ "ಸೈಸ್". ನಾನು ಅಂಥ ಎಷ್ಟೋ ಫೋಟೋ ಜೂಮ್ ಮಾಡಿ ನೋಡಿದ್ದೀನಿ, ಅಜ್ಜಿಯ ಮೂಗು ಯಾರಿಗಾದ್ರೂ ಇದೆಯಾ ಅಂತ. ನಗಬೇಡಿ.

8/10

ಲೆಕ್ಕದ ಭಾಗ ಬಂತು.

ಬೆಂಗಳೂರು ಅರಮನೆ ಎಲ್ಲರಿಗೂ ಗೊತ್ತು. ಆದ್ರೆ ಅದು ಹುಟ್ಟಿದ್ದು ಅರಮನೆಯಾಗಿ ಅಲ್ಲ, ಒಬ್ಬ ಮೇಷ್ಟ್ರ ಮನೆಯಾಗಿ. ರೆವರೆಂಡ್ ಜಾನ್ ಗ್ಯಾರೆಟ್ ವೆಸ್ಲಿಯನ್ ಮಿಷನರಿ. 1840ರ ದಶಕದಲ್ಲಿ ಭಗವದ್ಗೀತೆಯನ್ನ ಸಂಸ್ಕೃತ, ಕನ್ನಡ, ಇಂಗ್ಲಿಷ್ ಮೂರರಲ್ಲೂ ಅಕ್ಕಪಕ್ಕ ಇಟ್ಟು ಬೆಂಗಳೂರಲ್ಲಿ ಅಚ್ಚು ಹಾಕಿಸಿದವನು. ಮುಂದೆ ಸೆಂಟ್ರಲ್ ಕಾಲೇಜ್ ಆದ ಹೈಸ್ಕೂಲಿನ ಮೊದಲ ಪ್ರಿನ್ಸಿಪಾಲ್ ಕೂಡ ಇವನೇ. 1862ರಲ್ಲಿ ತನಗೊಂದು ದೊಡ್ಡ ಮನೆ ಕಟ್ಟಿಸೋಕೆ ಶುರು ಮಾಡಿದ. ವಿಂಡ್ಸರ್ ಕೋಟೆ ನೋಡಿ ಕಟ್ಟಿಸಿದ್ದು ಅನ್ನೋದು ಜನಪ್ರಿಯ ಕಥೆ.

1873ರಲ್ಲಿ ಅದನ್ನ ಕೊಂಡದ್ದು ಹತ್ತು ವರ್ಷದ ಹುಡುಗನ ಹೆಸರಲ್ಲಿ. ಅವರೇ ಹತ್ತನೇ ಚಾಮರಾಜೇಂದ್ರ ಒಡೆಯರ್. ಮುಮ್ಮಡಿಯವರು 1868ರಲ್ಲಿ ತೀರಿಕೊಂಡಿದ್ರು, ಹುಡುಗನಿಗೆ ಬ್ರಿಟಿಷ್ ಪೋಷಕರು. ಬೆಂಗಳೂರಲ್ಲಿ ಇದ್ದು ಓದು, ಆಡಳಿತ ಕಲಿಯಲಿ ಅಂತ ಹುಡುಗನದ್ದೇ ದುಡ್ಡಲ್ಲಿ ಮನೆ ಕೊಂಡರು. ಬೆಲೆ 40,000 ರೂಪಾಯಿ. ಆಮೇಲೆ ಗೋಪುರ, ದರ್ಬಾರ್ ಹಾಲ್, ಎಲ್ಲ ಸೇರ್ತಾ ಸೇರ್ತಾ ಮೇಷ್ಟ್ರ ವಿಲ್ಲಾ ಅರಮನೆ ಆಯ್ತು.

ಈಗ ಬಿಕಾಂ ಹುಡುಗಿ ಪ್ರಶ್ನೆ. ಆ 40,000 ಬರೀ ಕಟ್ಟಡದ ಬೆಲೆ ಅಂದ್ಕೊಳ್ಳಿ. ನಮ್ಮ ಇವತ್ತಿನ ಆದಾಯ ತೆರಿಗೆ ನಿಯಮದಲ್ಲಿ ಕಟ್ಟಡಕ್ಕೆ ವರ್ಷಕ್ಕೆ 10% ಸವಕಳಿ (ವಾಸದ ಮನೆ ಆದ್ರೆ 5%), ಅದೂ ಉಳಿದ ಬೆಲೆಯ ಮೇಲೆ. ನೂರು ವರ್ಷ ಹೀಗೇ ಕಳೀತಾ ಬನ್ನಿ. 1973ರಲ್ಲಿ ಪುಸ್ತಕದಲ್ಲಿ ಉಳಿಯೋದು ಎಷ್ಟು? ಒಂದು ರೂಪಾಯಿ ಆರು ಪೈಸೆ. 5% ಲೆಕ್ಕ ಹಾಕಿದ್ರೆ ಸುಮಾರು 237 ರೂಪಾಯಿ.

ಜಾಗಕ್ಕೆ ಮಾತ್ರ ಸವಕಳಿ ಇಲ್ಲ. ಅದು ಏರ್ತಾನೇ ಇರುತ್ತೆ.

ಈ ಎರಡು ಸಾಲು ಮೊದಲ ವರ್ಷದ ಅಕೌಂಟೆನ್ಸಿಯಲ್ಲೇ ಬರುತ್ತೆ, ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ಹಳೇ ಮನೆಗಳು ಯಾಕೆ ಬೀಳ್ತವೆ ಅನ್ನೋದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಡ. ಪುಸ್ತಕದಲ್ಲಿ ಒಂದು ರೂಪಾಯಿ ಬಾಳೋ ವಸ್ತು ಕೋಟಿ ಬಾಳೋ ಜಾಗದ ಮೇಲೆ ಕೂತಿದ್ರೆ ಮಾಲೀಕ ಏನು ಮಾಡ್ತಾನೆ? ಅವನನ್ನ ಬಯ್ಯೋದು ಸುಲಭ. ಮೂರು ಜನ ಅಣ್ಣತಮ್ಮಂದಿರ ಭಾಗ, ಸೋರೋ ತಾರಸಿ, ಸುಣ್ಣದ ಕೆಲಸ ಗೊತ್ತಿರೋ ಮೇಸ್ತ್ರಿ ಸಿಗಲ್ಲ. ಸರ್ಕಾರ ಸಂರಕ್ಷಿತ ಅಂತ ಘೋಷಣೆ ಮಾಡದಿದ್ರೆ, ಹಳೇದು ಅನ್ನೋ ಒಂದೇ ಕಾರಣಕ್ಕೆ ಖಾಸಗಿ ಮನೆಗೆ ಯಾವ ರಕ್ಷಣೆಯೂ ಇಲ್ಲ.

ಮತ್ತೆ ಮೊದಲು ಬೀಳೋದು ಯಾವುದು? ಲಾಯ, ಸಾರೋಟು ಮನೆ. ಮುಂದಿನ ಮನೆ ಉಳಿಸಿದ ಪುಣ್ಯಾತ್ಮರೂ ಹಿಂದಿನದನ್ನ ಕೆಡವಿ ಪಾರ್ಕಿಂಗ್ ಮಾಡ್ತಾರೆ.

9/10

ಸರ್ಕಾರದ್ದೇ ಕಟ್ಟಡ ಆದ್ರೆ ಬಚಾವಾ? ಅದೂ ಇಲ್ಲ. ಬೆಂಗಳೂರಿನ ಬಾಲಬ್ರೂಯಿ ಕೇಳಿದ್ದೀರಾ? 1850ರ ದಶಕದಲ್ಲಿ ಕಬ್ಬನ್ ಕಾಲದಲ್ಲಿ ಆದದ್ದು. ಹೆಸರು ಕನ್ನಡವೂ ಅಲ್ಲ, ಇಂಗ್ಲಿಷೂ ಅಲ್ಲ. ಕಬ್ಬನ್ ಹುಟ್ಟಿದ ಐಲ್ ಆಫ್ ಮ್ಯಾನ್ ದ್ವೀಪದ ಮ್ಯಾಂಕ್ಸ್ ಭಾಷೆಯದ್ದು, ಹೊಳೆದಂಡೆಯ ತೋಟ ಅನ್ನೋ ಅರ್ಥ. ರವೀಂದ್ರನಾಥ ಟ್ಯಾಗೋರ್ ತಂಗಿದ್ದ ಮನೆ. ದೇವರಾಜ ಅರಸು ಮುಖ್ಯಮಂತ್ರಿ ಆಗಿ ಇದ್ದ ಮನೆ.

2014ರಲ್ಲಿ ಅದನ್ನ ಕೆಡವಿ ಶಾಸಕರಿಗೆ ಕ್ಲಬ್ ಕಟ್ಟೋ ಪ್ರಸ್ತಾಪ ಬಂತು. ಜನ ಬೀದಿಗೆ ಬಂದರು, ಗಲಾಟೆ ಆಯ್ತು, ಕೆಡವೋದು ನಿಂತಿತು. ಬೆಂಗಳೂರಲ್ಲಿ ಅದಕ್ಕೆ ಮಾತಾಡೋ ಜನ ಇದ್ದರು, ಇಂಗ್ಲಿಷ್ ಪೇಪರ್ ಇತ್ತು, ಟ್ಯಾಗೋರ್ ಹೆಸರು ಇತ್ತು. ಅರಕಲಗೂಡಲ್ಲೋ ಚನ್ನರಾಯಪಟ್ಟಣದಲ್ಲೋ ಒಂದು ಹಳೇ ಬಂಗಲೆಗೆ ಜೆಸಿಬಿ ಬಂದ್ರೆ? ಅರ್ಧ ದಿನದ ಕೆಲಸ. ನಾವು ಬಸ್ ಕಿಟಕಿಯಿಂದ ನೋಡಿ, "ಏನೋ ಕಟ್ತಾರೆ ಅನ್ಸುತ್ತೆ" ಅಂತೀವಿ.

10/10

ಕೊನೇದು, ನಾವೇ ಬಂಗಲೆ ಕಟ್ಟಿದ ಕಥೆ.

1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಇಕ್ಕಟ್ಟಿನ ಪೇಟೆ ಬಿಟ್ಟು ಜನ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳಿಗೆ ಹೋದರು. ವಕೀಲರು, ಅಮಲ್ದಾರರು, ಮೇಷ್ಟ್ರುಗಳು ಕಂಟೋನ್ಮೆಂಟ್ ಬಂಗಲೆಯನ್ನ ಚಿಕ್ಕದು ಮಾಡಿ ಕಟ್ಟಿಸಿಕೊಂಡರು. ಪುಟ್ಟ ಪೋರ್ಟಿಕೋ, ಪುಟ್ಟ ಮಂಕಿ ಟಾಪ್. ಒಳಗೆ ದೇವರಮನೆ. ಹಿತ್ತಲಲ್ಲಿ ಲಾಯದ ಬದಲು ಹಸುವಿನ ಕೊಟ್ಟಿಗೆ, ಬಾವಿ, ತುಳಸಿ ಕಟ್ಟೆ. ಆ ಮಾದರಿ ನಿಧಾನಕ್ಕೆ ಜಿಲ್ಲೆಗಳ ಕಡೆಗೂ ಬಂತು. ಮೋಟಾರು ಬಂದ ಮೇಲೆ ಸಾರೋಟು ಮನೆಗಳು ಕಾರ್ ಶೆಡ್ ಆದವು. ಸೈಸರಲ್ಲಿ ಕೆಲವರು ಡ್ರೈವರ್ ಆದರು, ಉಳಿದವರು ಕೆಲಸ ಕಳ್ಕೊಂಡರು.

ಆದ್ರೆ ಒಂದು ಪದ ಉಳೀತು. ವಿದ್ಯಾನಗರ, ಕೆ.ಆರ್. ಪುರಂ ಕಡೆ ನಡ್ಕೊಂಡು ಹೋಗಿ, ಗೇಟಿಗೆ ಕಟ್ಟಿರೋ ಬೋರ್ಡ್ ನೋಡಿ: "ಔಟ್‌ಹೌಸ್ ಬಾಡಿಗೆಗೆ ಇದೆ". ಕುದುರೆ ಇಲ್ಲ, ಸಾರೋಟಿಲ್ಲ, ದೊರೆ ಇಲ್ಲ, ಔಟ್‌ಹೌಸ್ ಇದೆ. ನಾನು ಅರಕಲಗೂಡಿಂದ ಬಂದು ಹಾಸನದಲ್ಲಿ ಓದ್ತಿರೋದು, ಇರೋದೂ ಅಂಥದ್ದರಲ್ಲೇ. ಹತ್ತಕ್ಕೆ ಹತ್ತು ಕೋಣೆ, ಮೇಲೆ ಶೀಟು. ಬಾಡಿಗೆ ಮಾತಾಡಿದ ದಿನವೇ ಹೇಳಿದ್ರು, ಮುಂದಿನ ಗೇಟಲ್ಲಿ ಓಡಾಡಬೇಡಿ, ಪಕ್ಕದ ಸಂದಿಯಲ್ಲಿ ಬನ್ನಿ ಅಂತ. ಯಾಕೆ ಅಂತ ಅವರಿಗೂ ಗೊತ್ತಿರಲಿಕ್ಕಿಲ್ಲ. ಅಜ್ಜಿ ಒಂದು ಸಲ ಬಂದಿದ್ರು. ಸಂದಿಯಲ್ಲಿ ನಡ್ಕೊಂಡು ಬಂದು, ಕೋಣೆ ನೋಡಿ, "ನಮ್ಮಪ್ಪನ್ದೂ ಇಷ್ಟೇ ಇತ್ತು" ಅಂದ್ರು. ಆಮೇಲೆ ಕಾಫಿ ಕೇಳಿದ್ರು.

ನಿಮಗೊಂದು ಕೆಲಸ. ನಿಮ್ಮೂರಲ್ಲಿ ಹಳೇ ಬಂಗಲೆ, ಟಿಬಿ, ತೋಟದ ಮನೆ ಇದ್ರೆ, ಕೇಳಿ ಒಳಗೆ ಹೋಗಿ, ಪೋರ್ಟಿಕೋ ಫೋಟೋ ತೆಗೆದಾದ ಮೇಲೆ ಹಿಂದಕ್ಕೂ ಹೋಗಿ. ಗೋಡೆಯಲ್ಲಿ ಕುದುರೆ ಕಟ್ಟೋ ಕಬ್ಬಿಣದ ಬಳೆ ಇದೆಯಾ ನೋಡಿ. ನೆಲದ ಕಲ್ಲು ಒಂದು ಕಡೆಗೆ ಇಳಿಜಾರಾಗಿದ್ರೆ ಅದು ಲಾಯ. ಮೂಲೆಯಲ್ಲಿ ಮಸಿ ಹಿಡಿದ ದೊಡ್ಡ ಒಲೆ ಇದ್ರೆ ಹುರುಳಿ ಬೇಯಿಸಿದ್ದು ಅಲ್ಲಿರಬಹುದು. ಅಲ್ಲಿ ಯಾರಿದ್ರು ಅಂತ ಪಕ್ಕದ ಮನೆ ಅಜ್ಜ ಅಜ್ಜಿಯರನ್ನ ಕೇಳಿ, ಹೆಸರು ಸಿಕ್ಕರೆ ಬರ್ಕೊಳ್ಳಿ. ಫೋಟೋ ನನಗೆ ಕಳಿಸಿ, ಮನೆಯವರು ಒಪ್ಪಿದ್ರೆ ಮಾತ್ರ ಇಲ್ಲಿ ಹಾಕ್ತೀನಿ.

ಮುಂದಿನ ವಾರ: ಮಂಜರಾಬಾದ್ ಕೋಟೆಗೆ ನಕ್ಷತ್ರದ ಆಕಾರ ಯಾಕೆ?

#ಹಾಸನ #ಹೊಳೆನರಸೀಪುರ #ಅರಕಲಗೂಡು #ಚನ್ನರಾಯಪಟ್ಟಣ #ಹಳೇಬಂಗಲೆ #ಸಾರೋಟು